ಅಲ್ಲಿ ಹೇಗುಂಟು

ಮುಂದಿನ ನೀರಿನ ಟ್ಯಾಂಕರಿನ ಹಿಂಬದಿಯಿಂದ ನೀರು ಸೋರುತ್ತಿದೆ, ರಸ್ತೆಯ ಮೇಲೆ ಕಪ್ಪಾಗಿ ಒಂದು ಗೆರೆ, ಕಾರು ಹತ್ತಿರ ಬರುವಷ್ಟರಲ್ಲಿ ಅರ್ಧ ಒಣಗಿಯೇ ಹೋಗಿರುತ್ತದೆ, ಆದರೂ ಟ್ಯಾಂಕರು ಎಳೆಯುತ್ತಲೇ ಇದೆ, ಯಾರಾದರೂ ಆ ಡ್ರೈವರನಿಗೆ ಹೇಳಬೇಕು, ಒಂದು ಹಾರ್ನ್ ಸಾಕು — ಮುಸ್ತಫಾ ಹಾರ್ನ್ ಹೊಡೆಯಲಿಲ್ಲ, ಪಕ್ಕಕ್ಕೆ ಎಳೆದು ದಾಟಿ ಹೋದ, ಕನ್ನಡಿಯಲ್ಲಿ ಟ್ಯಾಂಕರು ಸಣ್ಣದಾಗುತ್ತ ಹೋಯಿತು, ಯಜ್ಞೇಶ ಅದನ್ನೇ ನೋಡುತ್ತಿದ್ದ, ನೋಡಲು ಏನಾದರೊಂದು ಇದ್ದರೆ ಒಳ್ಳೆಯದು, ಏರ್‌ಪೋರ್ಟಿನಿಂದ ಹೊರಟಾಗಿನಿಂದ ಮುಸ್ತಫಾ ಕೇಳುತ್ತಲೇ ಇದ್ದಾನೆ, ಹೇಳು ಮಾರಾಯ, ಅಲ್ಲಿ ಹೇಗುಂಟು, ಮೋಕ್ಷಾ ಉದ್ದ ಆದಳಾ, ಮನೆ ಹೇಗುಂಟು, ಊರು ಹೇಗುಂಟು. ಸೈಲೆಂಟ್ ಮುಸ್ತಫಾಕ, ತುಂಬ ಸೈಲೆಂಟ್. ನಮ್ಮ ಈ ಶಮಾಲ್ ಊರಿಗಿಂತಲೂ ಸೈಲೆಂಟಾ. ಅದಕ್ಕಿಂತಲೂ. ಮುಸ್ತಫಾ ಸ್ಟೀರಿಂಗಿಗೆ ಬೆರಳು ಬಡಿದು ನಕ್ಕ, ಹಾಗಾದ್ರೆ ನಿನಗೆ ಕಷ್ಟ ಇಲ್ಲ, ನಿನಗೆ ಅಭ್ಯಾಸ ಉಂಟು ಎಂದ, ಹೌದು ಎಂದ ಯಜ್ಞೇಶ, ಹೌದು ಎನ್ನುವುದು ಸುಲಭ, ನಾಲಗೆ ತಾನೇ ಹೇಳಿಕೊಳ್ಳುತ್ತದೆ, ಮುಸ್ತಫಾನಿಗೆ ಗೊತ್ತಿಲ್ಲ, ಬರುವುದು ಬೇಡ ಎಂದಿದ್ದಾಳೆ ಅಶ್ವಿತಾ, ಹೆಂಡತಿ, ಮಗಳ ತಾಯಿ, ಬರುವುದು ಬೇಡ ಎಂದಿದ್ದಾಳೆ — ಎರಡು ವಾರ ನೋಡಿಕೊಂಡು ಬರುವ ಅಂತ ಹೋದವನು ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ರಾಜೀನಾಮೆ ಕೊಟ್ಟೇ ವಿಮಾನ ಹತ್ತಿದ್ದ, ಡಿಸೆಂಬರ್ ಮುಗಿದರೆ ಕೆಲಸ ಖಲಾಸ್, ಆಮೇಲೆ ಖಾಯಂ ಆಗಿ ಇಂಗ್ಲೆಂಡ್ ಎಂದು ಕಂಟ್ರೋಲ್ ರೂಮಿನವರಿಗೆಲ್ಲ ಹೇಳಿಯಾಗಿದೆ, ಅವರು ಕೇಕು ಕತ್ತರಿಸಿಯೂ ಆಗಿದೆ, ಕೇಕಿನ ಮೇಲೆ ಒಂದು ವಿಮಾನ ಇತ್ತು, ನೀಲಿ ಕ್ರೀಮಿನದ್ದು, ಅದರ ರೆಕ್ಕೆ ತನ್ನ ತುಂಡಿಗೆ ಬಂದಿತ್ತು. ಈಗ ಏನಾದರೂ ಆಗಬೇಕಲ್ಲ ಎದೆಯೊಳಗೆ ಎಂದು ಅವನು ರೈಲಿನಲ್ಲೂ ಕಾದ, ವಿಮಾನದಲ್ಲೂ ಕಾದ, ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ಹಾಗೆ, ತುಟಿ ತನ್ನದೇ, ಮುಟ್ಟಿದರೆ ಬೇರೆ ಯಾರದ್ದೋ.

ಕಳುಹಿಸಿದ್ದು ತಾನೇ, ಅದನ್ನು ಯಾರೂ ಅಲ್ಲ ಎನ್ನುವ ಹಾಗಿಲ್ಲ, ದಕ್ಷಿಣಕ್ಕೆ ಪೇಟೆಯಲ್ಲಿ, ಅಲ್ ಸದ್ದಿನ ಫ್ಲ್ಯಾಟಿನಲ್ಲಿ ಇದ್ದ ಕಾಲ, ಅವಳು ಅಲ್ಲೇ ಹತ್ತಿರದ ಕ್ಲಿನಿಕ್ಕಿನಲ್ಲಿ ನರ್ಸು, ಇವನು ಶಿಫ್ಟು, ಇವನು ಬರುವಾಗ ಅವಳು ಹೊರಡುವುದು, ಬಾಗಿಲ ಹತ್ತಿರ ಮೋಕ್ಷಾಳನ್ನು ಕೈಯಿಂದ ಕೈಗೆ ದಾಟಿಸುವುದು, ಸಾರು ಫ್ರಿಜ್ಜಿನಲ್ಲುಂಟು, ಬಿಸಿ ಮಾಡಿ, ಅಷ್ಟೇ ಸಂಸಾರ, ಹೀಗೆ ವರ್ಷಗಳು — ಕ್ಲಿನಿಕ್ಕಿನ ನರ್ಸುಗಳೆಲ್ಲ ಒಬ್ಬೊಬ್ಬರಾಗಿ ಇಂಗ್ಲೆಂಡಿಗೆ ಹೋಗತೊಡಗಿದಾಗ ನೀನೂ ಪರೀಕ್ಷೆ ಬರಿ ಎಂದದ್ದು ಇವನು, ನನಗೆ ಮನಸ್ಸಿಲ್ಲ ಎಂದಳು, ಮೋಕ್ಷಾಳ ಭವಿಷ್ಯ ಎಂದ, ನನಗೆ ಅಲ್ಲಿ ಯಾರಿದ್ದಾರೆ ಎಂದಳು, ನೀನು ಮೊದಲು ಹೋಗು ನಾನು ಹಿಂದಿನಿಂದ ಬರ್ತೇನೆ ಎಂದ. ಮೋಕ್ಷಾಳನ್ನು ಕರೆದುಕೊಂಡು ಅವಳು ಹೋದ ಮೇಲೆ ಫ್ಲ್ಯಾಟು ಬಿಟ್ಟು ಉತ್ತರಕ್ಕೆ ಬಂದು ಅಲ್ ಶಮಾಲಿನಲ್ಲಿ ಮುಸ್ತಫಾನ ಮನೆಯ ಹಿಂದಿನ ಕೋಣೆ ಹಿಡಿದ, ಪ್ಲಾಂಟಿಗೆ ಹತ್ತಿರ, ಬಾಡಿಗೆ ಕಡಿಮೆ, ಮುಸ್ತಫಾನ ಅಂಗಡಿ ಮುಂದೆಯೇ, ಬೇಕಾದದ್ದು ಸಿಗುತ್ತದೆ. ಮೊದಲ ಚಳಿಗಾಲದಲ್ಲಿ ವಿಡಿಯೋದಲ್ಲಿ ಅವಳ ಮುಖ ಬರುವ ಮೊದಲು ಮೂಗು ಒರೆಸುವ ಶಬ್ದ ಬರುತ್ತಿತ್ತು, ಇಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ ಅನ್ನುತ್ತಿದ್ದಳು, ಸಂಜೆ ನಾಲ್ಕಕ್ಕೇ ಕತ್ತಲೆ, ಕಿಟಕಿಯ ಹೊರಗೆ ಒಂದು ಮನುಷ್ಯಪ್ರಾಣಿ ಇಲ್ಲ, ಕೆಲಸದ ಕೇರ್ ಹೋಮಿನಲ್ಲಿ ಮುದುಕರ ಹತ್ತಿರ ಮಾತಾಡಿದ್ದಷ್ಟೇ ಮಾತು, ಮನೆಗೆ ಬಂದು ಮೋಕ್ಷಾ ಮಲಗಿದ ಮೇಲೆ ಫ್ರಿಜ್ಜು ಗುಂಯ್ ಅನ್ನುವುದು ಕೇಳ್ತದೆ, ಕಿವಿ ಒಡೆದುಹೋಗುವಷ್ಟು ಕೇಳ್ತದೆ. ಅಡ್ಜಸ್ಟ್ ಮಾಡು, ಎಂದ ಇವನು. ಪ್ರತಿ ಸಲ ಅದನ್ನೇ ಅಂದ, ಬೇರೆ ಮಾತು ಸಿಗುತ್ತಿರಲಿಲ್ಲ, ಶಿಫ್ಟಿಗೆ ಬಸ್ಸು ಬರುವ ಹೊತ್ತಾಗಿರುತ್ತಿತ್ತು, ಅಡ್ಜಸ್ಟ್ ಮಾಡು ಮಾರಾಯ್ತಿ, ಸ್ವಲ್ಪ ದಿನ. ಮುಂದಿನ ಚಳಿಗಾಲಕ್ಕೆ ಮೂಗು ಒರೆಸುವ ಶಬ್ದ ಇರಲಿಲ್ಲ. ಅದು ಒಳ್ಳೆಯದೆಂದೇ ಅವನು ತಿಳಿದಿದ್ದ, ಒಳ್ಳೆಯದೇ ಅಲ್ಲವೇ, ಅಡ್ಜಸ್ಟ್ ಮಾಡು ಅಂದದ್ದಕ್ಕೆ ಅವಳು ಮಾಡಿದಳು.

ಎಂತ ಮಲಗಿದೆಯಾ, ಎಂದ ಮುಸ್ತಫಾ. ಇಲ್ಲ. ಮತ್ತೆ ಹೇಳು ಮಾರಾಯ, ಹಳ್ಳಿಯಾ ಪೇಟೆಯಾ ಅದು. ಎರಡೂ ಅಲ್ಲ, ಹೇಗೆ ಹೇಳುವುದು, ರಸ್ತೆಯ ಒಂದು ಬದಿಗೆ ಸಾಲಾಗಿ ಕೆಂಪು ಇಟ್ಟಿಗೆಯ ಮನೆಗಳು, ಇನ್ನೊಂದು ಬದಿಗೆ ಹೊಲ, ಹೊಲದಲ್ಲಿ ಕುರಿಗಳು, ಪೇಟೆಗೆ ಹೋಗಲು ಒಂದು ಬಸ್ಸು, ಅದು ಹೋದರೆ ಮತ್ತೆ ಬರುವುದು ಅದಕ್ಕೆ ಮನಸ್ಸಾದಾಗ, ಮುಸ್ತಫಾನಿಗೆ ಇಷ್ಟು ಹೇಳಿದ, ಉಳಿದದ್ದು ಒಳಗೇ ಹರಿಯಿತು — ಹೋದ ಮರುದಿನ ಮೋಕ್ಷಾ ಅವನನ್ನು ನಡೆಸಿಕೊಂಡು ಹೋದಳು, ಶಾಲೆಗೆ ರಜೆ, ಹೊಲದ ನಡುವೆಯೇ ಕಾಲುದಾರಿ, ಯಾರದ್ದೋ ಹೊಲ, ಯಾರು ಬೇಕಾದರೂ ನಡೆಯಬಹುದಂತೆ, ಬಯ್ಯುವವರಿಲ್ಲ, ಒದ್ದೆ ಹುಲ್ಲು, ಗೊಬ್ಬರದ ವಾಸನೆ, ಅವನ ಶೂ ಕೆಸರಿನಲ್ಲಿ ಹೂತು ಪಚಕ್ ಎನ್ನುತ್ತಿತ್ತು, ಅವಳ ಕಾಲಿನಲ್ಲಿ ಮೊಣಕಾಲಿನ ತನಕ ರಬ್ಬರಿನ ಬೂಟು, ಅಪ್ಪ ಹಾಗಲ್ಲ, ಹುಲ್ಲಿನ ಮೇಲೆ ಕಾಲಿಡು, ಎಂದಳು, ಎದುರಿನಿಂದ ನಾಯಿ ಹಿಡಿದುಕೊಂಡು ಒಬ್ಬ ಬಂದ, ಮಾರ್ನಿಂಗ್ ಎಂದ, ಮೋಕ್ಷಾ ಮಾರ್ನಿಂಗ್ ಎಂದಳು, ಇವನು ನಿಂತು ಕೈ ಚಾಚಿದ, ಮನುಷ್ಯ ಆ ಕೈಯನ್ನು ಒಂದು ಕ್ಷಣ ನೋಡಿ ಕುಲುಕಿದ, ನಾಯಿಯೂ ನಿಂತಿತು, ಮುಂದೆ ಏನು ಮಾಡಬೇಕೆಂದು ಯಾರಿಗೂ ಗೊತ್ತಾಗಲಿಲ್ಲ, ಆಮೇಲೆ ಮಗಳು ಮೆಲ್ಲಗೆ ಹೇಳಿದಳು, ಅಪ್ಪ, ಇಲ್ಲಿ ಜಸ್ಟ್ ಮಾರ್ನಿಂಗ್ ಅಂದ್ರೆ ಸಾಕು, ನಿಲ್ಲೋದು ಬೇಡ. ಒಂದು ಗೇಟಿನ ಹತ್ತಿರ ಮರದ ಸಣ್ಣ ಗೂಡು, ಅದರೊಳಗೆ ಮೊಟ್ಟೆಯ ಪೆಟ್ಟಿಗೆಗಳು, ಪಕ್ಕದಲ್ಲಿ ನಾಣ್ಯ ಹಾಕುವ ಡಬ್ಬಿ, ಮಾರುವವರು ಇಲ್ಲ, ಅವನು ಯಾರಾದರೂ ಬರಲಿ ಎಂದು ಕಾದು ನಿಂತ, ಮೋಕ್ಷಾ ಡಬ್ಬಿಗೆ ಹಾಕಿ ಪೆಟ್ಟಿಗೆ ಎತ್ತಿಕೊಂಡು ನಡೆದುಬಿಟ್ಟಳು, ಯಾರಿಗೆ ಕಾಯ್ತಿದ್ದಿ ಅಪ್ಪ. ಅಂಥ ಊರು, ಈ ಮೊಟ್ಟೆಯ ಕತೆ ಮಾತ್ರ ಮುಸ್ತಫಾನಿಗೂ ಹೇಳಿದ. ನಂಬಿಕೆಯ ಊರು ಎಂದು ಆಗ ಅನಿಸಿತ್ತು, ಆಮೇಲೆ ಅನಿಸಿತು, ನಂಬಿಕೆಯೂ ಅಲ್ಲ ಅದು, ಮನುಷ್ಯ ಎದುರು ಬರುವ ಕಾರಣವೇ ಇಲ್ಲದ ಹಾಗೆ ಎಲ್ಲವನ್ನೂ ಹೊಂದಿಸಿಟ್ಟಿದ್ದಾರೆ, ಮೊಟ್ಟೆ ಬೇಕೆ, ಮೊಟ್ಟೆ ಇದೆ, ಮಾತು ಬೇಡ.

ಆದರೆ ಅವಳಿಗೆ ಅಲ್ಲಿ ಮಾತು ಇತ್ತು, ಅದನ್ನು ಅವನು ಎಣಿಸಿರಲಿಲ್ಲ, ಎರಡನೆಯ ದಿನವೋ ಮೂರನೆಯ ದಿನವೋ ಮಹಡಿಯ ಬಚ್ಚಲಿನ ಕಿಟಕಿ ತೆರೆದಾಗ ಕೆಳಗಿನಿಂದ ಒಂದು ನಗು, ದೊಡ್ಡದಾಗಿ, ಗಂಟಲಿನ ಒಳಗಿನಿಂದ, ನಡುವೆ ಉಸಿರು ಸಿಗದೆ ನಿಂತು ಮತ್ತೆ ಶುರುವಾಗುವ ನಗು, ಯಾರಪ್ಪಾ ಇದು ಎಂದು ಬಗ್ಗಿ ನೋಡಿದ, ಅಶ್ವಿತಾ, ಕೈಯಲ್ಲಿ ಮಣ್ಣು ಮೆತ್ತಿದ ಕೈಗವಸು ತೊಟ್ಟುಕೊಂಡು, ಎದೆಯೆತ್ತರದ ಹಸಿರು ಬೇಲಿಯಾಚೆ ಪಕ್ಕದ ಮನೆಯ ಮುದುಕಿ ರೋಸ್‌ಮೇರಿ, ಗಂಡ ಸತ್ತ ಮೇಲೆ ಒಬ್ಬಳೇ ಇರುವವಳು, ಇಬ್ಬರೂ ಬೇಲಿ ಹಿಡಿದುಕೊಂಡು ನಗುತ್ತಿದ್ದಾರೆ, ಏನಕ್ಕೆಂದು ಅವನು ಕೇಳಲಿಲ್ಲ, ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ನಗು ಅವನಿಗೆ ಕೇಳಿದ್ದಿಲ್ಲ, ಅಲ್ ಸದ್ದಿನಲ್ಲಿ ಅವಳು ನಗುತ್ತಿದ್ದಳು, ನಗುತ್ತಿರಲಿಲ್ಲ ಎಂದಲ್ಲ, ಕೈ ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಮೊದಲು ಕುಂಡದಲ್ಲಿ ಬಸಳೆ ಹಾಕಿದ್ದೆ, ಬರಲಿಲ್ಲ, ಈಗ ಇಲ್ಲಿಯದ್ದೇ ತರಕಾರಿ ಹಾಕ್ತೇನೆ, ಚೆನ್ನಾಗಿ ಬರ್ತದೆ ಎಂದು ತೋರಿಸಿದಳು, ಕಾರು ಓಡಿಸಿದಳು, ಒಂದು ಕೈಯಲ್ಲಿ, ಅಷ್ಟು ಸಪೂರ ರಸ್ತೆಯಲ್ಲಿ ಎದುರಿನಿಂದ ಟ್ರ್ಯಾಕ್ಟರು ಬಂದರೆ ಹಿಂದಕ್ಕೆ ತೆಗೆದು ಪೊದೆಗೆ ಒರಗಿಸಿ ನಿಲ್ಲಿಸಿ ಕೈ ಎತ್ತಿದಳು, ಟ್ರ್ಯಾಕ್ಟರಿನವನೂ ಕೈ ಎತ್ತಿದ, ಹೆಸರು ಹಿಡಿದು ಕರೆದ ಬೇರೆ. ಶನಿವಾರ ಹೆಂಗಸರ ಗುಂಪಿನ ಜೊತೆ ಗುಡ್ಡ ಹತ್ತುವುದಕ್ಕೆ ಹೋಗುತ್ತಾಳೆ, ಅವನು ಬಂದಿದ್ದಾನೆಂದು ಆ ಶನಿವಾರ ಹೋಗಲಿಲ್ಲ, ಹೋಗದೆ ಇದ್ದದ್ದು ಮನೆಯ ತುಂಬ ತಿಳಿಯುತ್ತಿತ್ತು, ಕಪಾಟು ಒರೆಸಿದಳು, ಒರೆಸಿದ್ದನ್ನೇ ಒರೆಸಿದಳು. ಅವನು ಕೂರುವಲ್ಲೆಲ್ಲ ಮೊದಲೇ ಏನೋ ಇರುತ್ತಿತ್ತು, ಪುಸ್ತಕ, ಉಣ್ಣೆಯ ಉಂಡೆ, ಮೋಕ್ಷಾಳ ಚೀಲ, ಅವರು ಕೂಡಲೇ ಎತ್ತಿ ಜಾಗ ಮಾಡಿಕೊಡುತ್ತಿದ್ದರು, ನೆಂಟರಿಗೆ ಮಾಡಿಕೊಡುವ ಹಾಗೆ ಚುರುಕಾಗಿ, ಬೆಳಗ್ಗೆ ಬಚ್ಚಲಿನಲ್ಲಿ ಅವನು ಗಂಟಲು ಕ್ಯಾಕರಿಸಿದರೆ ಮಗಳು ಹೊರಗಿನಿಂದ, ಅಪ್ಪ, ಅಷ್ಟು ಜೋರಾಗಿ ಬೇಡ, ಪ್ಲೀಸ್, ಕೇಳ್ತದೆ. ಯಾರಿಗೆ ಕೇಳ್ತದೆ. ಎಲ್ಲರಿಗೂ.

ಆ ಭಾನುವಾರ ಬೆಳಗ್ಗೆ ಗಡಿಯಾರಗಳು ಹಿಂದೆ ಹೋಗುವ ದಿನ, ಅಕ್ಟೋಬರ್ ಕೊನೆಗೆ ಅಲ್ಲಿ ಹಾಗೆ, ಎಲ್ಲರೂ ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳುತ್ತಾರೆ, ಫೋನು ತಾನಾಗಿ ತಿರುಗಿಕೊಂಡಿತ್ತು, ಅಡುಗೆಮನೆಯ ಓವನ್ನಿನ ಗಡಿಯಾರ ಮಾತ್ರ ತಿರುಗಿರಲಿಲ್ಲ, ಅಶ್ವಿತಾ ಅದರ ಮುಂದೆ ನಿಂತು ಗುಂಡಿ ಒತ್ತುತ್ತಿದ್ದಳು, ಒತ್ತಿ ಹಿಡಿದರೆ ಅಂಕಿಗಳು ಮುಂದಕ್ಕೆ ಓಡುತ್ತಿದ್ದವು, ಹಿಂದಕ್ಕೆ ಹೋಗುವ ಗುಂಡಿ ಇಲ್ಲ ಅದಕ್ಕೆ, ಇಪ್ಪತ್ಮೂರು ಗಂಟೆ ಮುಂದೆ ಓಡಿಸಿ ಹಿಂದಕ್ಕೆ ತರಬೇಕು, ಇವನು ಚಹಾ ಕುಡಿಯುತ್ತ ಹೇಳುತ್ತಿದ್ದ, ಜನವರಿಗೆ ಬಂದೆನೆಂದರೆ ಮೊದಲು ಲೈಸೆನ್ಸ್ ಮಾಡಬೇಕು, ಆಮೇಲೆ ಹಿಂದಿನ ಕೋಣೆಯ ಆ ಕಪಾಟು ತೆಗೆದರೆ ಅಲ್ಲಿ ಒಂದು ಮೇಜು ಹಿಡಿಯುತ್ತದೆ, ಅವಳು ಗುಂಡಿ ಒತ್ತುತ್ತಲೇ ಹೇಳಿದಳು, ಬೆನ್ನು ಇತ್ತ, ಈರ್ ಬರೊಡ್ಚಿ. ತುಳುವಿನಲ್ಲೇ ಹೇಳಿದಳು. ಇಂಗ್ಲಿಷಿನಲ್ಲಿ ಹೇಳಿದ್ದರೆ ಬೇರೆ ಅರ್ಥ ಹುಡುಕಬಹುದಿತ್ತು, ಕೇಳಿಸಲಿಲ್ಲ ಎನ್ನಬಹುದಿತ್ತು, ನೀವು ಬರುವುದು ಬೇಡ, ಮನೆಮಾತಿನಲ್ಲಿ, ತಾಯಿ ಮಗುವಿಗೆ ಮಳೆ ಬರುತ್ತಿದೆ ಹೊರಗೆ ಹೋಗುವುದು ಬೇಡ ಎನ್ನುವಷ್ಟೇ ಮೆಲ್ಲಗೆ. ಯಾಕೆ ಎಂದು ಕೇಳಿದ, ಕೇಳಿದನೇ, ಹೌದು ಕೇಳಿದ, ಬೇರೆ ಯಾರಾದರೂ ಇದ್ದಾರಾ ಎಂದೂ ಕೇಳಿದ, ಅವಳು ತಿರುಗಿದಳು, ಅಳಲಿಲ್ಲ, ಸಿಟ್ಟೂ ಇಲ್ಲ, ಯಾರೂ ಇಲ್ಲ, ಅದೇ ನನಗೆ ಬೇಕಾದದ್ದು ಎಂದಳು, ನಿಮ್ಮಲ್ಲಿ ತಪ್ಪಿಲ್ಲ, ನೀವು ಹೊಡೆದವರಲ್ಲ ಬಡಿದವರಲ್ಲ, ನಾನಿಲ್ಲಿ ಒಬ್ಬಳೇ ಇರಲಿಕ್ಕೆ ಕಲಿತದ್ದು ಎಷ್ಟು ಕಷ್ಟದಲ್ಲಿ ಅಂತ ನಿಮಗೆ ಗೊತ್ತಿಲ್ಲ, ಕಲಿತಾದ ಮೇಲೆ ಅದು ನನಗೆ ಹಿಡಿಸಿದೆ, ನೀವು ಬಂದ ಮೇಲೆ ಮನೆ ಸಣ್ಣದಾಗಿದೆ, ನೀವು ಮೋಕ್ಷಾಳನ್ನು ನೋಡಲಿಕ್ಕೆ ಯಾವಾಗ ಬೇಕಾದರೂ ಬನ್ನಿ, ಇರಲಿಕ್ಕೆ ಬೇಡ. ಹಿಂದೆ ಓವನ್ನಿನ ಅಂಕಿಗಳು ಮಿಣುಕುತ್ತಿದ್ದವು. ರಾಜೀನಾಮೆ ಕೊಟ್ಟಿದ್ದೇನೆ ಎಂದು ಹೇಳಬೇಕೆಂದಿತ್ತು, ಅವಳಿಗೆ ಅದನ್ನು ಹೇಳಿರಲಿಲ್ಲ, ಎದುರು ನಿಂತು ಹೇಳಿ ಖುಷಿಪಡಿಸಬೇಕೆಂದು ಉಳಿಸಿಕೊಂಡಿದ್ದ, ಈಗ ಹೇಳಿದರೆ ಬೇಡಿದ ಹಾಗಾಗುತ್ತದೆ, ಹೇಳಲಿಲ್ಲ, ಆಯ್ತು ಎಂದ, ಇವತ್ತು ಕಸದ ಡಬ್ಬಿ ಹೊರಗೆ ಇಡಬೇಕಾ ಎಂದು ಕೇಳಿದ. ನಾಳೆ, ಎಂದಳು, ಹಸಿರಿನದ್ದು. ಆದರೂ ಅವನು ಆಗಲೇ ಹೋಗಿ ಹಸಿರು ಡಬ್ಬಿಯನ್ನು ಉರುಳಿಸಿಕೊಂಡು ರಸ್ತೆಬದಿಗೆ ತಂದಿಟ್ಟ, ಇಡೀ ರಸ್ತೆಯಲ್ಲಿ ಅದೊಂದೇ ಡಬ್ಬಿ, ಚಕ್ರದ ಗಡಗಡಕ್ಕೆ ರೋಸ್‌ಮೇರಿ ಬೇಲಿಯ ಮೇಲಿಂದ ತಲೆ ಎತ್ತಿ ಮುಗುಳ್ನಕ್ಕಳು, ಹೊಸ ವರ್ಷಕ್ಕೆ ಖಾಯಂ ಆಗಿ ಬಂದುಬಿಡುತ್ತೀರಂತೆ, ನಮಗೆಲ್ಲ ಸಂತೋಷ ಎಂದಳು, ನೀವು ತೋಟದ ಕೆಲಸ ಮಾಡುತ್ತೀರಾ. ಮಾಡ್ತೇನೆ ಎಂದ. ಹೊರಡುವ ಮುನ್ನಾದಿನ ತಾನೇ ಮಾಡಿದ ಹಣ್ಣಿನ ಜಾಮ್ ಒಂದು ಬಾಟಲಿ ತಂದು ಕೊಟ್ಟಳು, ಕೈಚೀಲದಲ್ಲಿಟ್ಟಿದ್ದ, ಏರ್‌ಪೋರ್ಟಿನಲ್ಲಿ ಅದನ್ನು ತೆಗೆದು ಪಕ್ಕಕ್ಕಿಟ್ಟರು, ಕೊಂಡುಹೋಗುವ ಹಾಗಿಲ್ಲ ಸರ್, ಸರಿ ಎಂದ, ಹಿಂದಿನವರು ಮುಂದೆ ಬಂದರು.

ಮುಸ್ತಫಾ ಕಾರು ನಿಲ್ಲಿಸಿದಾಗ ಶಮಾಲಿನಲ್ಲಿ ಬಿಸಿಲು ಇಳಿದಿತ್ತು, ತಗ್ಗು ಮನೆಗಳು, ಬಣ್ಣದ ಕಬ್ಬಿಣದ ಗೇಟುಗಳು, ಗೋಡೆಯ ಮೇಲೆ ಒಂದು ಬೆಕ್ಕು, ಎಸಿಗಳ ಗೊರಗೊರ, ರಸ್ತೆಯ ತುದಿಯಲ್ಲಿ ಸಮುದ್ರ ಇದೆ ಎಂದು ಗಾಳಿಯಿಂದ ತಿಳಿಯುವುದಷ್ಟೇ, ಬಿಟ್ಟು ಹೋದದ್ದು ನಿನ್ನೆಯೋ ಎಂಬ ಹಾಗೆ ಎಲ್ಲ ಅಲ್ಲೇ ಇದೆ. ಹಸೀನಾ ಬಾಗಿಲಲ್ಲೇ, ಬನ್ನಿ ಯಜ್ಞೇಶಣ್ಣ, ಮೊದಲು ಊಟ ಆಮೇಲೆ ಕೋಣೆ, ಎಂದಳು, ಮುಸ್ತಫಾನ ಹೆಂಡತಿ, ಅಶ್ವಿತಾ ಅಲ್ ಸದ್ದಿನಲ್ಲಿದ್ದಾಗ ಹಬ್ಬಕ್ಕೆ ಇವರ ಮನೆಗೆ ಅವರು ಅವರ ಮನೆಗೆ ಇವರು, ಈಗಲೂ ಇಬ್ಬರೂ ಫೋನಿನಲ್ಲಿ ಗಂಟೆಗಟ್ಟಲೆ. ಕೋಳಿ ಸಾರು, ಅಕ್ಕಿಹಿಟ್ಟಿನ ಪತ್ತಿರ್, ಬೆಳ್ಳಗೆ ತೆಳ್ಳಗೆ, ಒಂದರ ಮೇಲೊಂದು, ಆವಿ ಏಳುತ್ತಿತ್ತು, ತಿಂದ, ರುಚಿ ಎಲ್ಲೋ ದೂರದಲ್ಲಿತ್ತು, ಮುಸ್ತಫಾ ಅವಳಿಗೆ ವರದಿ ಒಪ್ಪಿಸುತ್ತಿದ್ದ, ಅಲ್ಲಿ ಅಂಗಡಿಯಲ್ಲಿ ಜನವೇ ಇಲ್ವಂತೆ ಹಸೀನಾ, ಮೊಟ್ಟೆ ರಸ್ತೆಯಲ್ಲಿ ಇಡ್ತಾರಂತೆ, ನಾನು ಇಲ್ಲಿ ಹಾಗೆ ಇಟ್ಟರೆ ಡಬ್ಬಿಯೂ ಇರ್ಲಿಕ್ಕಿಲ್ಲ ಸಂಜೆಗೆ, ಯಜ್ಞೇಶ ನಕ್ಕ, ನಕ್ಕದ್ದು ಸರಿಯಾದ ಜಾಗದಲ್ಲೇ ಇತ್ತು, ಮತ್ತೆ ಹೇಳು ಎಂದರೆ ಮತ್ತೆ ಹೇಳಿದ, ಹೊಲದ ನಡುವೆ ದಾರಿ, ಕುರಿಗಳು ಬೆಟ್ಟದ ಮೇಲೆ ಬಿಳಿ ಬಿಳಿಯಾಗಿ, ಸಂಜೆ ಯಾರೋ ಕುದುರೆ ಮೇಲೆ ಹೋಗ್ತಾರೆ, ಗೊರಸಿನ ಸದ್ದು ಮನೆಯೊಳಗೆ ಕೇಳ್ತದೆ, ಹೇಳುತ್ತ ಹೇಳುತ್ತ ಅವನಿಗೇ ಆ ಊರು ಚಂದ ಕಂಡಿತು, ಅಲ್ಲಿರುವಾಗ ಕಾಣದಿದ್ದಷ್ಟು ಚಂದ. ಬಾಂಗ್ ಆಯಿತು, ಮುಸ್ತಫಾ ಕೈ ತೊಳೆದು, ಬಂದೆ, ಏಳಬೇಡ, ಎಂದು ನಮಾಜಿಗೆ ಪಳ್ಳಿಗೆ ಹೊರಟ, ಹೊರಗಿನ ಬಾಗಿಲು ತೆರೆದೇ ಇತ್ತು, ಹಸೀನಾ ಸಾರಿನ ಪಾತ್ರೆ ಹಿಡಿದುಕೊಂಡು ನಿಂತಿದ್ದಳು, ಬಡಿಸಲೂ ಇಲ್ಲ ಕೆಳಗೆ ಇಡಲೂ ಇಲ್ಲ. ನೀವು ಹೇಳದಿದ್ರೂ ಅಡ್ಡಿಲ್ಲ ಯಜ್ಞೇಶಣ್ಣ, ಅವಳು ನನ್ನತ್ರ ಹೇಳಿದ್ದಾಳೆ ಎಂದಳು. ಯಾವಾಗ. ನಿಮ್ಮ ಚೌತಿಗೆ ಫೋನ್ ಮಾಡಿದ್ದಳಲ್ಲ, ಆವಾಗ. ಚೌತಿ, ಅಂದರೆ ರಾಜೀನಾಮೆಗಿಂತ ಮೊದಲು, ಕೇಕಿಗಿಂತ ಮೊದಲು, ಟಿಕೇಟಿಗಿಂತ ಮೊದಲು, ಅವನು ಪತ್ತಿರನ್ನು ಹರಿದ, ಸಾರಿಗೆ ಅದ್ದಿದ, ಮತ್ತೆ ನಾನು ಕೆಲಸ ಬಿಡುವಾಗ ನೀನು ಯಾಕೆ ಸುಮ್ಮನಿದ್ದಿ ಹಸೀನಾ, ಇದನ್ನು ಕೇಳಿದ ಸ್ವರ ಉಪ್ಪು ಎಲ್ಲಿ ಎಂದು ಕೇಳಿದ ಸ್ವರದ ಹಾಗೇ ಇತ್ತು. ನಾನು ಹೇಳುವ ಮಾತಾ ಅದು, ಎಂದಳು ಹಸೀನಾ, ನೀವು ಹೋಗಿ ಎದುರು ನಿಂತರೆ ಅವಳ ಮನಸ್ಸು ತಿರುಗ್ತದೆ ಅಂತ ಎಣಿಸಿದೆ, ಅಲ್ಲಾಹನ ಹತ್ತಿರ ಬೇಡಿದ್ದೆ ಕೂಡ, ಇವರಿಗೂ ನಾನು ಹೇಳಲಿಲ್ಲ, ಹೇಳಿದ್ರೆ ಇವರು ಅಂಗಡಿಯಲ್ಲಿ ನಿಮ್ಮನ್ನು ನೋಡುವ ನೋಟವೇ ಬೇರೆ ಆಗ್ತಿತ್ತು. ಅವಳ ಕಣ್ಣು ತುಂಬಿತು, ಅವಳ ಕಣ್ಣು, ತನ್ನದಲ್ಲ, ಅದನ್ನು ನೋಡಿ ಅವನಿಗೆ ಆಶ್ಚರ್ಯ, ಎಷ್ಟು ಸುಲಭವಾಗಿ ಬರುತ್ತದೆ ಬೇರೆಯವರಿಗೆ. ಇನ್ನೊಂದು ಪತ್ತಿರ್ ಕೊಡು, ಎಂದ. ಕೊಟ್ಟಳು. ಅವಳು ಚೆನ್ನಾಗಿದ್ದಾಳಾ, ಎಂದು ಕೇಳಿದಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ಅವನು ಯೋಚಿಸಿದ, ನಿಜ ಹೇಳಬೇಕೆನಿಸಿತು, ತುಂಬ ಚೆನ್ನಾಗಿದ್ದಾಳೆ ಹಸೀನಾ, ಜೋರಾಗಿ ನಗ್ತಾಳೆ.

ಊಟ ಮುಗಿಸಿ ಹಿಂದಿನ ಕೋಣೆಯ ಮೆಟ್ಟಿಲಲ್ಲಿ ಕುಳಿತ, ಪೆಟ್ಟಿಗೆ ಒಳಗೆ ನಿಂತಿದೆ ಹಾಗೆಯೇ, ಬಿಚ್ಚಲಿಲ್ಲ, ಪೂರ್ವದ ಕಡೆ ರಾಸ್ ಲಫಾನಿನಲ್ಲಿ ಗ್ಯಾಸು ಉರಿಸುವ ಬೆಂಕಿ ಆಕಾಶದ ಅಂಚಿಗೆ ಹಳದಿಯಾಗಿ ಹತ್ತಿದೆ, ಅದರ ಕೆಳಗೆ ತನ್ನ ಕುರ್ಚಿ, ತನ್ನ ಪರದೆಗಳು, ಒತ್ತಡ ಏರಿದರೆ ಕೂಗುವ ಅಲಾರಮ್ಮುಗಳು, ಅಲ್ಲಿ ಎಲ್ಲಕ್ಕೂ ಒಂದು ಅಲಾರಂ ಇದೆ, ಮನೆಗೆ ಇಲ್ಲ, ಚೌತಿಯಿಂದ ಒತ್ತಡ ಏರುತ್ತಿತ್ತಂತೆ, ಚೌತಿಗಿಂತ ಎಷ್ಟು ಮೊದಲಿನಿಂದಲೋ. ಶಿಫ್ಟ್ ಇನ್‌ಚಾರ್ಜ್ ಸಯೀದ್‌ಗೆ ಫೋನ್ ಮಾಡಿದ, ಉಳ್ಳಾಲದವನು, ಒಂದೇ ರಿಂಗಿಗೆ ಎತ್ತಿದ, ಏನು ಸಾಹೇಬ್ರು, ಲಂಡನ್ನಿನಿಂದ ಬಂದಿರಾ, ಚಾಕಲೇಟ್ ಎಲ್ಲಿ. ತಂದಿದ್ದೇನೆ. ಸಯೀದ್, ಒಂದು ವಿಷಯ, ನನ್ನ ಪೇಪರು ಹಿಂದೆ ತೆಗೆದುಕೊಳ್ಳಲಿಕ್ಕೆ ಆಗ್ತದಾ. ಯಾವ ಪೇಪರು. ರಾಜೀನಾಮೆ. ಆ ಕಡೆ ಟಿವಿಯ ಸದ್ದು ಕಡಿಮೆಯಾಯಿತು, ಎಂತ ಆಯ್ತು ಯಜ್ಞೇಶ್. ಏನಿಲ್ಲ, ನನಗೆ ಅಲ್ಲಿ ಹಿಡಿಸಲಿಲ್ಲ. ಹಿಡಿಸಲಿಲ್ಲ ಅಂದ್ರೆ ಹೇಗೆ, ಎರಡು ವಾರದಲ್ಲಿ ಎಂತ ಗೊತ್ತಾಗ್ತದೆ. ಚಳಿ, ಎಂದ ಯಜ್ಞೇಶ. ಚಳಿಯಾ, ಸಯೀದ್ ಮನಸಾರೆ ನಕ್ಕ, ಐವತ್ತು ಡಿಗ್ರಿಯಲ್ಲಿ ಬೆಂದವನಿಗೆ ಚಳಿ ಹೆದರಿಸಿತಾ, ನನಗೆ ಗೊತ್ತಿತ್ತು ಮಾರಾಯ, ನೀನು ಇಲ್ಲಿಯ ಮನುಷ್ಯ, ನಿನ್ನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ, ಭಾನುವಾರ ಒಂದು ಮೇಲ್ ಹಾಕು, ನಾನು ಮಾತಾಡಿ ಸರಿ ಮಾಡ್ತೇನೆ, ಮಾಫಿ ಮುಶ್ಕಿಲ್, ಏನೂ ತೊಂದರೆ ಇಲ್ಲ, ಆದರೆ ಫ್ಯಾಮಿಲಿ? ಅವರು ಅಲ್ಲೇ ಇರ್ತಾರೆ, ಮಗಳ ಶಾಲೆ ಉಂಟಲ್ಲ, ಎಂದ ಯಜ್ಞೇಶ. ಹೌದು ಹೌದು, ಮಕ್ಕಳಿಗೆ ಅಲ್ಲೇ ಒಳ್ಳೆಯದು, ನೀನು ವರ್ಷಕ್ಕೊಮ್ಮೆ ಹೋಗಿ ಬಾ, ಯಲ್ಲಾ, ಆಯ್ತು ಹಾಗಾದ್ರೆ, ಭಾನುವಾರ ಸಿಗುವ. ಇಷ್ಟೇ. ಇಷ್ಟು ಸಲೀಸಾಗಿ ಎಲ್ಲ ಮೊದಲಿನ ಹಾಗೆ, ಕೆಲಸ ಉಳಿಯಿತು, ಕೋಣೆ ಉಳಿಯಿತು, ಮುಸ್ತಫಾನ ಅಂಗಡಿ ಉಳಿಯಿತು, ಯಾರೂ ಒಂದು ಪ್ರಶ್ನೆಯ ಮುಂದೆ ಇನ್ನೊಂದು ಕೇಳಲಿಲ್ಲ, ಇನ್ನು ಮುಂದೆಯೂ ಕೇಳಲಿಕ್ಕಿಲ್ಲ, ಚಳಿ ಎಂದರೆ ಸಾಕು, ಎಲ್ಲರಿಗೂ ಅರ್ಥವಾಗುವ ಮಾತು, ಎಷ್ಟು ಬೇಗ ಹೊಳೆಯಿತು ತನಗೆ, ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ಚಳಿ — ಆದರೆ ಆ ಮಾತು ತನ್ನದಲ್ಲ, ಅವಳದ್ದು.

ನಿನ್ನೆ ಬೆಳಗ್ಗೆ, ನಿನ್ನೆಯೇ ಅಲ್ಲವೇ, ರೈಲ್ವೆ ಸ್ಟೇಷನ್ನಿನ ಹೊರಗೆ ಅವಳು ಕಾರು ನಿಲ್ಲಿಸಿದಳು, ಎಂಜಿನ್ ಆರಿಸಲಿಲ್ಲ, ಅಲ್ಲಿ ತುಂಬ ಹೊತ್ತು ನಿಲ್ಲಿಸುವ ಹಾಗಿಲ್ಲ, ಮೋಕ್ಷಾ ಇಳಿದು ಅಪ್ಪಿಕೊಂಡಳು, ತಲೆ ಅವನ ಎದೆಯ ಮೇಲಕ್ಕೆ ಬಂದಿದೆ, ಬೈ ಅಪ್ಪ, ಈಸ್ಟರಿಗೆ ಬರ್ತೀಯಲ್ಲ, ಎಂದು ಹಿಂದಿನ ಸೀಟಿಗೆ ಹೋಗಿ ಕುಳಿತಳು, ಅಶ್ವಿತಾ ಸುತ್ತಿ ಬಂದು ಅವನ ಎದುರು ನಿಂತಳು, ಏನೋ ಹೇಳುತ್ತಾಳೆ ಎಂದುಕೊಂಡ, ಹೇಳಲಿ ಎಂದು ಕಾದ, ಅವಳು ಬಗ್ಗಿ ಅವನ ಜಾಕೆಟಿನ ಎರಡು ಅಂಚು ಹಿಡಿದು ಕೆಳಗೆ ಕೊಂಡಿ ಕೂಡಿಸಿ ಜಿಪ್ಪನ್ನು ಮೇಲಕ್ಕೆಳೆದಳು, ಹೊಟ್ಟೆ ದಾಟಿ ಎದೆ ದಾಟಿ ಗಂಟಲಿನ ತನಕ, ಚಳಿ ಉಂಟು ಎಂದಳು, ಅಂಗೈಯಿಂದ ಎದೆಯ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದಳು. ಆಗ ಅದು ಪ್ರೀತಿಯೆಂದೇ ಅನಿಸಿತ್ತು, ಒಂದು ಕ್ಷಣ, ರೈಲು ಹತ್ತುವ ತನಕ ಅನಿಸಿತ್ತು, ಕಿಟಕಿಯಲ್ಲಿ ಹೊಲಗಳು ಓಡತೊಡಗಿದ ಮೇಲೆ ನೆನಪಾಯಿತು — ಮೊದಲ ವಾ‌ರ ಒಂದು ಸಂಜೆ ಅವಳನ್ನು ಕರೆತರಲು ಕೇರ್ ಹೋಮಿಗೆ ನಡೆದು ಹೋಗಿದ್ದ, ಬಾಗಿಲ ಹತ್ತಿರ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕ, ಮಗ ಬಂದು ಹೊರಗೆ ಕರೆದೊಯ್ಯುತ್ತಾನೆಂದು ಕೋಟು ತೊಟ್ಟು ತಯಾರಾಗಿ ಕುಳಿತಿದ್ದವನು, ಅಶ್ವಿತಾ ಬಗ್ಗಿ ಅವನ ಜಿಪ್ ಕೂಡಿಸಿ ಗಂಟಲಿನ ತನಕ ಎಳೆದಳು, ಎದೆಯ ಮೇಲೆ ಎರಡು ಸಲ ತಟ್ಟಿದಳು, ಚಳಿ ಉಂಟು ಹೊರಗೆ ಎಂದಳು ಅವರ ಭಾಷೆಯಲ್ಲಿ, ಮುದುಕ ಗಲ್ಲ ಎತ್ತಿಕೊಟ್ಟ, ಜಿಪ್ಪು ಚರ್ಮ ಕಚ್ಚಬಾರದೆಂದು, ಮಗುವಿನ ಹಾಗೆ. ಮುಸ್ತಫಾ ಪಳ್ಳಿಯಿಂದ ಬಂದ ಸದ್ದು, ಅಂಗಡಿಯ ಶಟರು, ಯಜ್ಞೇಶಾ ಎಂದು ಕರೆದ, ಚಹಾ ಹಾಕುವಾ, ಈ ಸೆಕೆಯಲ್ಲಿ ಎಂತ ಮಾರಾಯ, ಏರ್‌ಪೋರ್ಟಿನಿಂದ ನೋಡ್ತಿದ್ದೇನೆ, ಆ ಜಾಕೆಟು ತೆಗಿ. ತೆಗೀತೇನೆ ಎಂದ. ಕೈ ಗಂಟಲಿಗೆ ಹೋಯಿತು, ಲೋಹದ ಸಣ್ಣ ನಾಲಗೆ ಬೆರಳಿಗೆ ಸಿಕ್ಕಿತು, ಭಾನುವಾರ ಮೇಲ್ ಹಾಕಬೇಕು, ಪೆಟ್ಟಿಗೆ ಬಿಚ್ಚಬೇಕು, ಚಾಕಲೇಟು ಸಯೀದ್‌ಗೆ, ಮೋಕ್ಷಾ ಈಸ್ಟರ್ ಅಂದಳು, ಈಸ್ಟರ್ ಯಾವಾಗ ಬರುತ್ತದೆ, ಜಿಪ್ಪು ಮೇಲಕ್ಕೆ ಬರುವಾಗ ತಾನೂ ಗಲ್ಲ ಎತ್ತಿದ್ದ, ಹೌದು, ಎತ್ತಿದ್ದ, ಅವಳು ಹೇಳದೆಯೇ, ಬೆಳ್ಳಗಿನ ಆಕಾಶ ಕಂಡಿತ್ತು, ಸ್ಟೇಷನ್ನಿನ ಹಂಚು ಕಂಡಿತ್ತು, ಗಲ್ಲ ಎತ್ತಿಕೊಟ್ಟು ನಿಂತಿದ್ದ, ಅವಳ ಎರಡು ಬೆರಳು ಗಂಟಲಿನ ಹತ್ತಿರ, ಗಲ್ಲ ಮೇಲೆ, ಎರಡು ಬೆರಳು, ಗಲ್ಲ ಮೇಲೆ